ನಮ್ಮವರೇ ಆದ ಡಾಕ್ಟರು

ತಮಿಳು ಸೀಮೆಯ ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಿದ್ದರು, ಅದನ್ನು ಓದಲು ಯಾರಿಗೂ ಬರುತ್ತಿರಲಿಲ್ಲ. ನಾನು ಈ ಲಿಪಿ ಕಲಿತದ್ದು ಮದುವೆಯ ವಯಸ್ಸು ದಾಟಿದ ಮೇಲೆ, ಸಂಜೆ ಹೊತ್ತು ಮಾಡಲು ಬೇರೇನೂ ಇಲ್ಲದೆ. ಹಾಗಾಗಿ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ನಮ್ಮವರು ಯಾರೂ ಓದಲಾರರು. ಆದರೂ ಇಷ್ಟು ಬರೆಯುವಷ್ಟರಲ್ಲಿ ಎದ್ದು ಹೋಗಿ ಬಾಗಿಲು ಹಾಕಿದೆಯೇ ಎಂದು ನೋಡಿ ಬಂದಿದ್ದೇನೆ.

ಚಿಂತೆ ನನಗೆ ಹುಟ್ಟುಗುಣ. ಎಂಬತ್ತರ ದಶಕದ ಮೊದಲಲ್ಲಿ ನಾನು ಗಾಂಧಿಪುರಂ ಕಡೆಯ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಮನೆ ಸಿಂಗಾನಲ್ಲೂರಿನ ಆಚೆ, ನೇಕಾರರ ಬೀದಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಕೂತಮೇಲೆ, ಸೀಮೆಎಣ್ಣೆ ಸ್ಟವ್ ಆರಿಸಿದೆನೋ ಇಲ್ಲವೋ ಎಂದು ಶುರುವಾಗುತ್ತಿತ್ತು. ಇಳಿದು ವಾಪಸ್ಸು ಓಡುತ್ತಿದ್ದೆ. ಅವ್ವ ಆ ಸ್ಟವ್ವಿನ ಮುಂದೆಯೇ ಕೂತು ಇಡ್ಲಿ ಇಳಿಸುತ್ತಿರುತ್ತಿದ್ದಳು.

"ನಾನೇನು ಸತ್ತೋಗಿದ್ದೀನಾ ಪುಳ್ಳೆ, ನೀನು ಬಂದು ನೋಡೋಕೆ?" ಎನ್ನುತ್ತಿದ್ದಳು.

ಒಳಗೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಮಾವನ ದನಿ ಬರುತ್ತಿತ್ತು: "ಬಿಡಕ್ಕ, ಟೀಚರಮ್ಮ ಬಸ್ಸಲ್ಲಿ ಎರಡು ಟಿಕೆಟ್ ತಗೋತಾಳೆ. ಒಂದು ಅವಳಿಗೆ, ಒಂದು ಅವಳ ಯೋಚನೆಗೆ."

ಮಾವ ಎಂದರೆ ಅವ್ವನ ಕೊನೆಯ ತಮ್ಮ. ಅವರ ಅಪ್ಪ ಅಮ್ಮ ಬೇಗ ತೀರಿಹೋದದ್ದರಿಂದ ಚಿಕ್ಕ ಹುಡುಗನಾಗಿದ್ದಾಗಲೇ ನಮ್ಮ ಮನೆಗೆ ಬಂದವನು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದವನು. ನಾನು ಟೀಚರಾದಾಗ ಇಡೀ ಬೀದಿಗೆ ಮಿಠಾಯಿ ಹಂಚಿದವನೂ ಅವನೇ. ನಾನು ಹುಟ್ಟಿದ ದಿನವೇ, "ಇವಳು ತಮ್ಮನಿಗೆ" ಎಂದು ಅವ್ವ ಹೇಳಿಬಿಟ್ಟಿದ್ದಳಂತೆ. ನಮ್ಮಲ್ಲಿ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಎಷ್ಟು ಸಹಜವೆಂದರೆ, ಅದನ್ನು ನಿಶ್ಚಯ ಮಾಡುವ ಮಾತೇ ಇಲ್ಲ. ಬೇಡವಾದರೆ ಮಾತ್ರ ಮಾತಾಡಬೇಕು. ಬೇಡ ಎಂದವರು ನಮ್ಮ ಬೀದಿಯಲ್ಲಿ ನನಗೆ ತಿಳಿದಂತೆ ಯಾರೂ ಇರಲಿಲ್ಲ.

ನನಗೆ ಬೇಡವಾಗಿತ್ತು. ಮಾವನಲ್ಲಿ ಒಂದು ಕುಂದೂ ಇರಲಿಲ್ಲ. ಅದೇ ಕಷ್ಟ. ಕುಡುಕನೋ ಸೋಮಾರಿಯೋ ಆಗಿದ್ದರೆ ಹೇಳಲು ಒಂದು ಕಾರಣ ಸಿಗುತ್ತಿತ್ತು. ನನಗೆ ಅವನು ಅಣ್ಣ, ಅಷ್ಟೆ. ಸಂಕ್ರಾಂತಿ ಬರುವ ತೈ ತಿಂಗಳಲ್ಲಿ ಕಲ್ಯಾಣ ಎಂದು ಅಪ್ಪ ಅವ್ವ ಮಾತಾಡಿಕೊಳ್ಳತೊಡಗಿದ ಮೇಲೆ, ಬೋರ್ಡಿನ ಮೇಲೆ ಬರೆಯುವಾಗ ನನ್ನ ಕೈ ನಡುಗತೊಡಗಿತು. ಒಂದು ದಿನ ಮಕ್ಕಳ ಮುಂದೆಯೇ ಕುಸಿದು ಕೂತೆ.

ಹೆಡ್‌ಮಿಸ್ ಒಳ್ಳೆಯವರು. ತಮ್ಮ ಕೋಣೆಗೆ ಕರೆದು, ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಒಬ್ಬರಿದ್ದಾರೆ, ಶನಿವಾರ ಸಂಜೆ ಕೌನ್ಸೆಲಿಂಗ್ ಮಾಡುತ್ತಾರೆ, ಹೋಗು ಎಂದರು. ಆಗ ಕೌನ್ಸೆಲಿಂಗ್ ಎಂಬ ಮಾತೇ ಹೊಸದು. ನನ್ನ ಮುಖ ನೋಡಿ ತಮಿಳಿನಲ್ಲಿ, "ತಲೆ ಕೆಟ್ಟವರಿಗಲ್ಲಮ್ಮ, ತಲೆ ಇರುವವರಿಗೆ" ಎಂದರು. ಆ ಮಾತು ಕೇಳಿ ನನಗೆ ತಲೆ ಇದೆಯೇ ಎಂಬ ಹೊಸ ಚಿಂತೆ ಹಿಡಿಯಿತು.

ಮನೆಯಲ್ಲಿ ಟ್ಯೂಷನ್ ಎಂದು ಹೇಳಿ ಹೋದೆ. ಗಾಂಧಿಪುರಂನಲ್ಲಿ ಒಂದು ಜವಳಿ ಅಂಗಡಿಯ ಮಾಳಿಗೆಯ ಮೇಲೆ ಅವರ ಕೋಣೆ. ಅವರು ಔಷಧಿಯ ಡಾಕ್ಟರಲ್ಲ, ಪಿಎಚ್‌ಡಿ ಮಾಡಿದವರು. ಆದರೂ ಎಲ್ಲರೂ ಡಾಕ್ಟರೆಂದೇ ಕರೆಯುತ್ತಿದ್ದರು. ಬೆಳ್ಳಗಿನ ಅಂಗಿ, ಮೃದು ದನಿ. ಮೊದಲ ದಿನ ಪುಸ್ತಕದಂಥ ತಮಿಳಿನಲ್ಲಿ, "ನೀವು ಇಲ್ಲಿ ಹೇಳುವುದು ಈ ನಾಲ್ಕು ಗೋಡೆ ದಾಟುವುದಿಲ್ಲ" ಎಂದರು. ನಾಲ್ಕರಲ್ಲಿ ಒಂದು ಗೋಡೆ ಪ್ಲೈವುಡ್ಡಿನದು. ಅದರಾಚೆ ದರ್ಜಿಯ ಮೆಷಿನ್ನು ಓಡುತ್ತಿತ್ತು. ನಾನು ಆ ಗೋಡೆಗೆ ಹೆದರಿದೆ. ಹೆದರಬೇಕಾದ್ದು ಬೇರೆ ಎಂದು ಗೊತ್ತಾಗಲಿಲ್ಲ. ಇಷ್ಟು ಚಿಂತೆ ಮಾಡಿಯೂ ಸರಿಯಾದದ್ದಕ್ಕೆ ಚಿಂತೆ ಮಾಡಲು ನನಗೆ ಎಂದೂ ಬಂದದ್ದಿಲ್ಲ.

ಮೊದಮೊದಲು ತಮಿಳಿನಲ್ಲೇ ನಡೆಯಿತು. ಶಾಲೆಯ ಬೀರುವಿನ ಬೀಗ, ಸ್ಟವ್ವು, ನಡುಗುವ ಕೈ, ಬಾರದ ನಿದ್ದೆ. ಅವರು ತಾಳ್ಮೆಯಿಂದ ಕೇಳುತ್ತಿದ್ದರು. ಅವರಿಗೆ ಬೇಸರವಾಗುತ್ತಿದೆಯೇನೋ, ನನ್ನ ಕಷ್ಟ ಇಷ್ಟು ದೊಡ್ಡ ಓದಿನವರಿಗೆ ತಕ್ಕಷ್ಟು ದೊಡ್ಡದಲ್ಲವೇನೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಹೋಗುತ್ತಿದ್ದೆ.

ಒಂದು ಶನಿವಾರ ಮೇಲಿನಿಂದ ಒಂದು ಹಲ್ಲಿ ನನ್ನ ತೊಡೆಯ ಮೇಲೆ ಬಿತ್ತು. "ಅಯ್ಯೋ ಅವ್ವಾ, ಸತ್ತೆ!" ಎಂದು ಕಿರುಚಿ ಎದ್ದು ನಿಂತೆ.

ಡಾಕ್ಟರು ಹಲ್ಲಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. "ನೀವು ನಮ್ಮವರಾ?" ಎಂದು ಕೇಳಿದರು. ಕನ್ನಡದಲ್ಲಿ. ನಮ್ಮ ಮನೆಗಳ ಕನ್ನಡದಲ್ಲಿ.

"ಹೂಂ" ಎಂದೆ.

"ಅಡ ಪಾವಮೇ! ಇಷ್ಟು ದಿನ ತಮಿಳಲ್ಲಿ ಗೋಳಾಡ್ದೆಯಲ್ಲಮ್ಮ! ಕೂತ್ಕೊ, ಕೂತ್ಕೊ. ಯಾವ ಬೀದಿ? ಅಪ್ಪ ಯಾರ ಮಗ? ಅವ್ವನ ತವರು ಯಾವುದು?"

ನಮ್ಮಲ್ಲಿ ಪರಿಚಯ ಎಂದರೆ ಇದೇ. ಹೇಳುತ್ತ ಹೋದೆ. ಅವರು ಬೆರಳು ಮಡಚುತ್ತ ಹೋದರು. ಅವರ ಹೆಂಡತಿಯ ಕಡೆಯಿಂದ ಹೇಗೋ ಸುತ್ತಿಕೊಂಡು ಬಂದು ಸಂಬಂಧ ನಮ್ಮಪ್ಪನಿಗೆ ಮುಟ್ಟಿತು. "ಹಾಗಾದ್ರೆ ನಾನು ನಿಂಗೆ ಚಿಕ್ಕಪ್ಪ ಆಗ್ಬೇಕು!" ಎಂದು ಮೇಜು ತಟ್ಟಿದರು. ನೀವು ಹೋಗಿ ನೀನು ಬಂದಿತ್ತು. ನಾನು ಅದನ್ನು ಗಮನಿಸಿದೆ. ಪ್ರೀತಿ ಎಂದುಕೊಂಡೆ. ಪ್ರೀತಿಯೇ ಇದ್ದಿರಬಹುದು.

ಕನ್ನಡ ನಮಗೆ ಏನಾಗಿತ್ತೆಂದು ಹೇಳಬೇಕು. ಶಾಲೆ, ಅಂಗಡಿ, ಬೀದಿ, ಲೆಕ್ಕ, ಜಗಳ ಎಲ್ಲವೂ ತಮಿಳು. ಬಸ್ಸಿನಲ್ಲಿ ಪಕ್ಕದವಳ ಮೂಗುತಿಯ ಬಗ್ಗೆ ಆಡಿಕೊಳ್ಳಬೇಕಾದರೆ, ಅಂಗಡಿಯವನ ಎದುರಿಗೇ ಸೀರೆ ಹೆಚ್ಚು ಬೆಲೆ ಎನ್ನಬೇಕಾದರೆ ಕನ್ನಡ. ಯಾರಿಗೂ ತಿಳಿಯದ ಮಾತು ಅದು. ಕನ್ನಡದಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ ಎಂಬುದು ಹುಟ್ಟಿನಿಂದ ಬಂದ ನಂಬಿಕೆ. ಆ ನಂಬಿಕೆ ಹೊರಗಿನವರ ಮುಂದೆ ಮಾತ್ರ ನಿಜ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಹಾಗಾಗಿ ತಮಿಳಿನಲ್ಲಿ ಬಾಯಿಗೆ ಬಾರದೆ ಇದ್ದದ್ದು ಆ ಸಂಜೆ ಕನ್ನಡದಲ್ಲಿ ಬಂದುಬಿಟ್ಟಿತು. ಮಾವನ ವಿಷಯ ಹೇಳುತ್ತ ಹೇಳುತ್ತ ಅತ್ತೆ. ದರ್ಜಿಯ ಮೆಷಿನ್ನು ನಿಂತದ್ದೂ ಗೊತ್ತಾಗದಷ್ಟು ಅತ್ತೆ. "ಇದನ್ನ ಬೇರೆ ಯಾರ ಹತ್ರನಾದ್ರೂ ಹೇಳಿದ್ದೀಯಾ?" ಎಂದು ಕೇಳಿದರು. ಇಲ್ಲ ಎಂದೆ. "ಶರಿ. ಹೇಳ್ಬೇಕು. ಆದ್ರೆ ನೀನೇ ಹೇಳ್ಬೇಕು, ಅವನಿಗೇ ಹೇಳ್ಬೇಕು" ಎಂದರು.

ಅವರು ಕೆಟ್ಟ ಡಾಕ್ಟರಾಗಿರಲಿಲ್ಲ. ಅದನ್ನು ಒಪ್ಪಿಕೊಳ್ಳುವುದು ಇವತ್ತಿಗೂ ನನಗೆ ಹಿಡಿಸುವುದಿಲ್ಲ. ಮುಂದಿನ ಶನಿವಾರಗಳಲ್ಲಿ ಮಾವನಿಗೆ ಏನು ಹೇಳಬೇಕೆಂದು ನಾವಿಬ್ಬರೂ ಕೂತು ಒಂದೊಂದೇ ಮಾತು ಜೋಡಿಸಿದೆವು. ಅವರು ಮಾವನಾಗುತ್ತಿದ್ದರು, ನಾನು ಹೇಳಿ ನೋಡುತ್ತಿದ್ದೆ. "ಹೆದರ್ಬೇಡ. ಕ್ಷಮಿಸು ಅಂತ ಶುರು ಮಾಡ್ಬೇಡ. ತಪ್ಪು ಮಾಡ್ದೋರ ಹಾಗೆ ನಿಲ್ಬೇಡ" ಎಂದು ತಿದ್ದುತ್ತಿದ್ದರು. ಕೊನೆಗೆ ಮಾತು ಕೈಗೆ ಬಂತು: ಮಾವ, ನಿನ್ನ ಸೊಂಟದ ಮೇಲೆ ಕೂತು ಬೆಳೆದೋಳು ನಾನು, ನಿನ್ನನ್ನ ಗಂಡ ಅಂತ ನೋಡೋಕೆ ನನ್ನ ಕಣ್ಣಿಗೆ ಬರ್ತಿಲ್ಲ, ನೀನು ಇಲ್ದೆ ಇರೋಕೂ ಬರಲ್ಲ. ಅಪ್ಪ ಉಕ್ಕಡಂ ಕಡೆಗೆ ನೂಲು ತರಲು ಹೋಗುವ ದಿನ, ಮಾವ ಒಬ್ಬನೇ ಮಗ್ಗದಲ್ಲಿರುವಾಗ ಹೇಳುವುದೆಂದು ನಿಶ್ಚಯಿಸಿದೆ. ಕೈ ನಡುಕ ಕಡಿಮೆಯಾಗಿತ್ತು. ಹೆಡ್‌ಮಿಸ್ ಕೂಡ ಮುಖಕ್ಕೆ ಕಳೆ ಬಂದಿದೆಯಲ್ಲ ಎಂದರು.

ಅದಕ್ಕೂ ಮೊದಲು ಭಾನುವಾರ ಬಂತು. ನಾನು ಸೊಪ್ಪು ತರಲು ಹೋಗಿದ್ದೆ. ವಾಪಸ್ಸು ಬಂದರೆ ಮನೆಯ ಮುಂದೆ ಒಂದು ಸ್ಕೂಟರ್. ಡಾಕ್ಟರು ಒಳಗೆ ಅಪ್ಪನ ಪಕ್ಕ ಚಾಪೆಯ ಮೇಲೆ ಕೂತಿದ್ದರು. ತಟ್ಟೆಯಲ್ಲಿ ಅವರು ತಂದ ಬಾಳೆಹಣ್ಣು, ವೀಳ್ಯದೆಲೆ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು.

"ಬಾಮ್ಮ, ಬಾ. ನಿನ್ನ ವಿಷಯಾನೇ ಮಾತಾಡ್ತಿದ್ವಿ" ಎಂದರು. ಅಪ್ಪನ ಕಡೆ ತಿರುಗಿ, "ಅಣ್ಣ, ಬೈಬೇಡಿ ಅವಳನ್ನ. ನಾನೂ ಈ ಮನೆಯೋನೇ ಅಂತ ಬಂದೆ. ಹುಡುಗಿಗೆ ಮಾವನ್ನ ಕಟ್ಕೊಳ್ಳೋಕೆ ಇಷ್ಟ ಇಲ್ಲ. ಬಾಯ್ಬಿಟ್ಟು ಹೇಳೋಕೆ ಹೆದರ್ತಾಳೆ. ಒಳಗೇ ಇಟ್ಕೊಂಡು ಮೈ ಉಡಂಬು ಕೆಡಿಸ್ಕೊಳ್ತಿದ್ದಾಳೆ. ವಾರ ವಾರ ನನ್ನ ಹತ್ರ ಬಂದು ಅಳ್ತಾಳೆ. ಅದೇ ಹೇಳ್ಬಿಟ್ಟು ಹೋಗೋಣ ಅಂತ" ಎಂದರು.

ಒಳಗೆ ಮಗ್ಗ ನಿಂತಿತು.

ಅವ್ವ, "ವಾರ ವಾರ? ಟ್ಯೂಷನ್ ಅಂದ್ಯಲ್ಲೇ?" ಎಂದಳು. ಮಾವ ಗುಂಡಿಯಿಂದ ಎದ್ದು ಬಂದ. ಡಾಕ್ಟರಿಗೆ ಕೈಮುಗಿದ. ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದ: "ಅವಳೇ ಹೇಳ್ಬಹುದಿತ್ತಲ್ಲಕ್ಕ? ದೊಡ್ಡೋರನ್ನ ಮನೆಗಂಟ ಕಳಿಸ್ಬೇಕಿತ್ತಾ? ನಾನೇನು ಹುಲಿಯಾ?"

ನಾನು ಕಳಿಸಲಿಲ್ಲ ಎಂದು ಹೇಳಬೇಕಿತ್ತು. ಸೊಪ್ಪಿನ ಕಟ್ಟು ಹಿಡಿದುಕೊಂಡು ನಿಂತಿದ್ದೆ. ಜೋಡಿಸಿಟ್ಟ ಮಾತೆಲ್ಲ ಬಾಯಲ್ಲಿತ್ತು, ಅದಕ್ಕೆ ಈಗ ಜಾಗವಿರಲಿಲ್ಲ. ಡಾಕ್ಟರು ಆಗಲೇ ಹೇಳಿ ಮುಗಿಸಿದ್ದನ್ನು ಮತ್ತೆ ಹೇಳಿದರೆ ವಕೀಲ ಕಟ್ಟಿದ ವಾದವನ್ನೇ ಒಪ್ಪಿಸಿದಂತಾಗುತ್ತಿತ್ತು. ಮಾವ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಡಾಕ್ಟರು ಅವ್ವ ಕೊಟ್ಟ ಕಾಫಿ ಕುಡಿದು, ಡಿಕಾಕ್ಷನ್ ಚೆನ್ನಾಗಿದೆ ಎಂದು ಹೇಳಿ ಹೊರಟರು.

ಮುಂದಿನ ಶನಿವಾರ ಹೋದೆ. ಹೋಗಬಾರದಿತ್ತು ಎಂದು ನನ್ನನ್ನು ಬಲ್ಲವರು ಹೇಳಿಯಾರು. ಆದರೆ ಜಗಳಕ್ಕೂ ಹೇಳಿದ ಹೊತ್ತಿಗೆ ಹೋಗುವ ಪೈಕಿ ನಾನು. ಎದುರಿಗೆ ಕೂತು ತಮಿಳಿನಲ್ಲಿ ಕೇಳಿದೆ, ನನ್ನನ್ನು ಕೇಳದೆ ನನ್ನ ವಿಷಯವನ್ನು ನೀವು ಹೇಗೆ ಹೇಳಿದಿರಿ ಎಂದು.

"ಇದೇನಮ್ಮ, ನನ್ನ ಹತ್ರ ತಮಿಳು?" ಎಂದು ನಕ್ಕರು.

"ಮೊದಲ ದಿನ ನೀವು ತಮಿಳಿನಲ್ಲೇ ಮಾತು ಕೊಟ್ಟಿದ್ದಿರಿ" ಎಂದೆ, ಮತ್ತೆ ತಮಿಳಿನಲ್ಲೇ.

"ಕೊಟ್ಟಿದ್ದೆ. ತಪ್ಪಿಲ್ಲ. ತಮಿಳಲ್ಲಿ ನೀನು ಹೇಳಿದ್ದು ಬೀಗ, ಸ್ಟವ್ವು. ಅದನ್ನ ಯಾರಿಗಾದ್ರೂ ಹೇಳಿದ್ನಾ? ಈ ಕುರ್ಚಿ ಮೇಲೆ ಕೂತು ಎಂಥೆಂಥೋರು ಏನೇನೋ ಹೇಳಿದ್ದಾರೆ. ನನ್ನ ಹೆಂಡ್ತಿಗೂ ಒಂದು ಮಾತು ಗೊತ್ತಿಲ್ಲ. ಅಲ್ಲಿ ಸುಮ್ನಿರೋದು ಧರ್ಮ. ನಮ್ಮನೆ ಹುಡುಗಿ ನನ್ನ ಮುಂದೆ ಕೂತು ಅಳುವಾಗ ಸುಮ್ನಿದ್ರೆ ಅದು ದ್ರೋಹ."

"ನಾನು ಚಿಕ್ಕಪ್ಪನ ಹತ್ತಿರ ಬಂದಿರಲಿಲ್ಲ. ಡಾಕ್ಟರ ಹತ್ತಿರ ಬಂದಿದ್ದೆ. ನಾನೇ ಹೇಳಬೇಕು ಎಂದು ಹೇಳಿದವರೂ ನೀವೇ."

"ಹೇಳ್ದೆ. ನೀನು ಎಲ್ಲಿ ಹೇಳ್ತಿದ್ದೆ? ನಿನ್ನ ಬಗ್ಗೆ ನಂಗೆ ಗೊತ್ತಿಲ್ವಾ? ಇನ್ನೊಂದು ವರ್ಷ ಯೋಚನೆ ಮಾಡ್ತಿದ್ದೆ. ಅಷ್ಟರಲ್ಲಿ ತಾಳಿ ಕಟ್ಟಿಯಾಗಿರ್ತಿತ್ತು. ಈಗ ನೋಡು, ನೀನು ಬೇಡ ಅಂದಿದ್ದು ನಿಂತೋಯ್ತು. ಮತ್ತೆ ಯಾಕೆ ಈ ಮುಖ?"

ಎದ್ದು ಮೆಟ್ಟಿಲಿಳಿದು ಬಂದೆ. ಆ ಮಾತನ್ನು ಬಹಳ ವರ್ಷ ತಿರುಗಿಸಿ ತಿರುಗಿಸಿ ನೋಡಿದೆ. ನಾನು ಹೇಳದೇ ಇರುತ್ತಿದ್ದೆನೋ ಏನೋ. ಬೋರ್ಡಿನ ಮುಂದೆ ನಡುಗುವವಳು ಮಗ್ಗದ ಮುಂದೆ ನಡುಗದೆ ಇರುತ್ತಾಳೆಯೇ? ಆದರೆ ಹೇಳದೇ ಉಳಿಯುವುದೂ ನನ್ನದೇ ಆಗಿರುತ್ತಿತ್ತು. ನನ್ನ ಪುಕ್ಕಲುತನವನ್ನೂ ಅವರು ನನ್ನ ಕೈಯಿಂದ ತೆಗೆದುಕೊಂಡರು. ಪರಕೀಯಳಾಗಿದ್ದಾಗ ನನಗೆ ಅವರಿಂದ ಸಿಕ್ಕ ಮರ್ಯಾದೆ, ನಮ್ಮವಳೆಂದು ಗೊತ್ತಾದ ಮೇಲೆ ಹೋಯಿತು. ಇಂಥವರು ಪಾಲಿಸಬೇಕಾದ ನಿಯಮಗಳಿವೆ, ಬಂಧುಗಳನ್ನು ಆ ಕುರ್ಚಿಯಲ್ಲಿ ಕೂರಿಸಿಕೊಳ್ಳುವುದೇ ಸಲ್ಲದು, ಬೇರೆಯವರ ಹತ್ತಿರ ಕಳಿಸಬೇಕು ಎಂದು ಬಹಳ ಕಾಲದ ಮೇಲೆ ತಿಳಿಯಿತು. ಅವರಿಗೆ ಅದು ಆಗಲೇ ತಿಳಿದಿತ್ತು. ಅದನ್ನೇ ಕಾಲೇಜಿನಲ್ಲಿ ಕಲಿಸುತ್ತಿದ್ದರು.

ಬೀದಿಯಲ್ಲಿ ಕಥೆ ಬೇರೆ ಆಕಾರ ಪಡೆಯಿತು. ಟೀಚರಮ್ಮನಿಗೆ ತಲೆ ಸರಿಯಿಲ್ಲವಂತೆ, ಗಾಂಧಿಪುರಂನಲ್ಲಿ ವೈದ್ಯ ನಡೆಯುತ್ತಿದೆಯಂತೆ, ಅದಕ್ಕೇ ಮಾವ ಬೇಡ ಅಂದನಂತೆ. ಮಾವ ಬೇಡ ಎಂದ ಎಂಬುದನ್ನು ಮಾತ್ರ ಮಾವ ಎಲ್ಲೂ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಅದು ನನ್ನ ಮರ್ಯಾದೆ ಉಳಿಸಲೋ, ತನ್ನದನ್ನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಂತೂ ನನ್ನನ್ನು ಕೇಳಿಕೊಂಡು ಆಮೇಲೆ ಯಾರೂ ಬರಲಿಲ್ಲ.

ಮಾವನಿಗೆ ಹೆಣ್ಣು ಬೇಗ ಸಿಕ್ಕಿತು. ತಿರುಪ್ಪೂರಿನ ಆಚೆಯ ಹುಡುಗಿ, ಡಾಕ್ಟರ ಹೆಂಡತಿಯ ತಂಗಿಯ ಮಗಳು. ಸಂಬಂಧ ತಂದವರು ಡಾಕ್ಟರೇ. ಅದಕ್ಕಾಗಿಯೇ ಎಲ್ಲ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವ್ವ ಹೇಳುತ್ತಾಳೆ.

ನಮ್ಮಲ್ಲಿ ಸೋದರಮಾವನ ಮೇಲೆ ಮೊದಲ ಹಕ್ಕು ಅಕ್ಕನ ಮಗಳದು. ಅವನು ಬೇರೆ ಕಡೆ ಹೆಣ್ಣು ತಂದರೆ, ತಾಳಿ ಕಟ್ಟುವ ಮುಂಚೆ ಆ ಅಕ್ಕನ ಮಗಳನ್ನು ಕರೆಸಿ, ಎಲ್ಲರ ಎದುರು ಒಪ್ಪಿಗೆ ಕೇಳಿ, ಕೈಗೆ ಸೀರೆ ಕೊಡಬೇಕು. ಕೊಟ್ಟರೆ ಹಕ್ಕು ತೀರಿತು. ನಮ್ಮ ಬೀದಿಯಲ್ಲಿ ಆ ಸೀರೆಯನ್ನು ಮದುವೆ ಗಂಡೇ ನೇಯಬೇಕು. ನನ್ನ ಚಾಪೆ ಇದ್ದದ್ದು ಮಗ್ಗದ ಗೋಡೆಯ ಈಚೆ. ಮಾವ ನನಗೆ ಕೊಡುವ ಸೀರೆಯನ್ನು ನೇಯುವುದನ್ನು ನಾನು ಅಷ್ಟೂ ದಿನ ಕೇಳುತ್ತಿದ್ದೆ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವವಳು ಯಾವಾಗಲೂ ನಾನೇ, ಈಗಲೂ ನಾನೇ ಸುತ್ತಿದೆ. ಅರಿಶಿನ ಬಣ್ಣದ ನೂಲು. ಬುಟ್ಟಿಯಲ್ಲಿಟ್ಟು ಗುಂಡಿಯ ಅಂಚಿಗೆ ತಳ್ಳುತ್ತಿದ್ದೆ. ಅವನು ತಲೆಯೆತ್ತದೆ ತೆಗೆದುಕೊಳ್ಳುತ್ತಿದ್ದ. ಆಗಲೂ ಹೇಳಬಹುದಿತ್ತು. ಪ್ರತಿ ಸಲ ಬುಟ್ಟಿ ತಳ್ಳುವಾಗ, ನಾನು ಅವರನ್ನು ಕಳಿಸಲಿಲ್ಲ ಮಾವ ಎಂಬ ಒಂದು ಮಾತನ್ನು ಹೇಳಲು ನಿಂತು, ಮುಂದಿನ ಕಂಡಿಕೆ ಸುತ್ತಲು ಹೋಗುತ್ತಿದ್ದೆ. ಡಾಕ್ಟರು ತಿದ್ದಿದ ಮಾತುಗಳ ಮೇಲೆ ನನಗೆ ಅಸಹ್ಯ ಬಂದಿತ್ತು. ನನ್ನದೇ ಆದ ಮಾತು ಯಾವುದೆಂದು ತಿಳಿಯುತ್ತಿರಲಿಲ್ಲ.

ಮದುವೆ ತಿರುಪ್ಪೂರಿನ ಹತ್ತಿರದ ಛತ್ರದಲ್ಲಿ. ನನ್ನನ್ನು ಮಣೆಯ ಮುಂದೆ ನಿಲ್ಲಿಸಿದರು. ನಮ್ಮವರ ಹಿರಿಯರೊಬ್ಬರು ದೊಡ್ಡ ದನಿಯಲ್ಲಿ, "ಏನಮ್ಮ, ಮಾವ ಬೇರೆ ಕಡೆ ಕಲ್ಯಾಣ ಮಾಡ್ಕೊತಾ ಇದ್ದಾನೆ. ನಿಂಗೆ ಸಮ್ಮತಾನಾ?" ಎಂದು ಕೇಳಿದರು. ಮದುವೆಯ ವಿಷಯದಲ್ಲಿ ನನ್ನನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಸಮ್ಮತ ಎಂದೆ. ಹೆಣ್ಣಿನ ಕಡೆಯ ಹೆಂಗಸರ ಗುಂಪಿನಲ್ಲಿ ಯಾರೋ, "ಬೇಡ ಅಂದಿದ್ದೇ ಅವಳಂತೆ, ಕೇಳೋದೇನು?" ಎಂದರು. ನಗು ಎದ್ದಿತು. ಮಾವ ಸೀರೆ ಕೊಟ್ಟ. ಸೀರೆಯನ್ನೇ ನೋಡುತ್ತಿದ್ದ, ನೇಯ್ಗೆಯಲ್ಲಿ ಎಲ್ಲಾದರೂ ಎಳೆ ತಪ್ಪಿದೆಯೇ ಎಂದು ಹುಡುಕುವವನ ಹಾಗೆ.

ಊಟದ ಪಂಕ್ತಿಯಲ್ಲಿ ಬಡಿಸುವವರು ಸಾಲದೆ ನನ್ನ ಕೈಗೂ ಸಾಂಬಾರಿನ ಬಕೆಟ್ಟು ಕೊಟ್ಟರು. ಮೊದಲ ಸಾಲಿನ ನಡುವೆ ಡಾಕ್ಟರು. ಹೆಣ್ಣಿನ ಕಡೆಯ ದೊಡ್ಡ ಮನುಷ್ಯರು ಅವರೇ. ಮಾವ ಹೊಸ ಪಂಚೆಯಲ್ಲಿ ಸಾಲಿನುದ್ದಕ್ಕೂ ನಡೆಯುತ್ತ, ನಿಧಾನವಾಗಿ ಊಟ ಮಾಡಿ ಎಂದು ಎಲ್ಲರಿಗೂ ಉಪಚಾರ ಹೇಳುತ್ತಿದ್ದ. ನಾನು ಡಾಕ್ಟರ ಎಲೆಯ ಮುಂದೆ ಬಾಗಿದಾಗ ಅವರು ತಲೆಯೆತ್ತಿ, ತುಂಬ ಅಕ್ಕರೆಯಿಂದ, ಆಚೀಚಿನ ಹತ್ತು ಎಲೆಗೆ ಕೇಳುವ ಹಾಗೆ, "ಏನಮ್ಮ, ಈಗ ಕೈ ನಡುಗಲ್ಲ ತಾನೇ? ರಾತ್ರಿ ನಿದ್ದೆ ಬರ್ತಿದೆಯಾ? ಆಗ ರೊಂಬ ಕಷ್ಟಪಟ್ಟೆ ಪಾಪ" ಎಂದರು.

ಉಣ್ಣುತ್ತಿದ್ದ ಕೈಗಳು ನಿಂತವು. ಎಲ್ಲರೂ ನನ್ನ ಕೈ ನೋಡಿದರು, ಸೌಟು ಹಿಡಿದ ಕೈಯನ್ನು.

ಅವರ ಹಿಂದೆಯೇ ಮಾವ ನಿಂತಿದ್ದ. ಆ ಭಾನುವಾರದಿಂದ ಈಚೆಗೆ ಮೊದಲ ಸಲ ನನ್ನ ಮುಖ ನೋಡಿದ.

"ನಿದ್ದೆ ಬರ್ತಿರಲಿಲ್ವಾ ನಿಂಗೆ?" ಎಂದು ಕೇಳಿದ. ಮೆಲ್ಲಗೆ ಕೇಳಿದ. "ನನ್ನಿಂದಾನಾ?"

ಹಾಗೆ ಕೇಳಿದ್ದು ನನ್ನ ಮಾವ. ಅವನಿಗೆ ಹೇಳಲು ಎಷ್ಟೊಂದು ಇತ್ತು. ಆದರೆ ಸಾಲಿಗೆ ಸಾಲೇ ಕಿವಿಯಾಗಿ ಕೂತಿತ್ತು, ನಡುವೆ ಡಾಕ್ಟರು ಒಪ್ಪಿಗೆಯ ನಗು ನಗುತ್ತ, ಹೇಳು ಹೇಳು ಎಂಬಂತೆ ನನ್ನನ್ನೇ ನೋಡುತ್ತಿದ್ದರು. ಹಾಗೆಯೇ ಅಲ್ಲವೇ ಅವರು ನನಗೆ ಅಭ್ಯಾಸ ಮಾಡಿಸಿದ್ದು? ಹೇಳಿದ್ದರೆ ಅದೂ ಸಂಜೆಯೊಳಗೆ ಅವರ ಔಷಧಿಯ ಗುಣವಾಗಿ ಬೀದಿ ಸೇರುತ್ತಿತ್ತು.

"ಇಲ್ಲ ಮಾವ. ಸ್ಕೂಲಲ್ಲಿ ಪರೀಕ್ಷೆ ಇತ್ತು, ಅದರ ಯೋಚನೆ" ಎಂದೆ.

ಮಾವ ನನ್ನ ಕೈಯ ಸೌಟನ್ನು ನೋಡಿದ. ಆಮೇಲೆ "ಶರಿ" ಎಂದು ಪಕ್ಕದ ಎಲೆಯವರ ಕಡೆ ಬಾಗಿ, ಇನ್ನೊಂಚೂರು ಅನ್ನ ಹಾಕಿಸ್ಕೊಳ್ಳಿ ಎಂದು ಹೇಳುತ್ತ ಮುಂದಕ್ಕೆ ಹೋದ.